ಊದಿ ಮುಚ್ಚಿದ ಡಬ್ಬ

ಮುಚ್ಚಳ ಜಪ್ಪಯ್ಯ ಎಂದರೂ ಬಿಡಲಿಲ್ಲ. ಪಂಚಾಕ್ಷರಿ ಸ್ಕ್ರೂಡ್ರೈವರಿನ ತುದಿಯನ್ನು ಪೇಂಟ್ ಡಬ್ಬದ ಅಂಚಿಗೆ ಕೊಟ್ಟು ಮೀಟಿದ. ಅಂಚು ಸೊಟ್ಟಗಾಯಿತು, ಮುಚ್ಚಳ ಕೂತಲ್ಲೇ ಕೂತಿತ್ತು. ಪೇಂಟ್ ಕಂಪನಿಯವರಿಗೂ ಪೇಂಟ್ ಬಳಿಯುವವರಿಗೂ ಯಾವುದೋ ಜನ್ಮದ ಹಗೆಯಿರಬೇಕೆಂದು ಅವನ ಬಹಳ ದಿನದ ಅನುಮಾನ. ಇಲ್ಲದಿದ್ದರೆ ಡಬ್ಬದ ಬಾಯಿಯ ಸುತ್ತ ಕಾಲುವೆ ತೋಡಿ ಇಡುತ್ತಿದ್ದರೇ? ಚೆಲ್ಲಿದ ಬಣ್ಣವೆಲ್ಲ ಅದರಲ್ಲಿ ನಿಂತು, ಒಣಗಿ, ಮುಚ್ಚಳಕ್ಕೆ ಬೆಸುಗೆ ಹಾಕಿಬಿಡುತ್ತದೆ. ಗಾಡಿಯ ತಗ್ಗು ತುಂಬುವ ಪುಟ್ಟಿಯ ಡಬ್ಬವಂತೂ ಎರಡನೇ ಸಲ ತೆರೆಯುವ ಹೊತ್ತಿಗೆ ಸಿಮೆಂಟು. ಗಟ್ಟಿಯಾಗಲೆಂದು ಪುಟ್ಟಿಗೆ ಕಲಸುವ ಹಾರ್ಡ್‌ನರ್ ಟ್ಯೂಬನ್ನು ಅದುಮಿದರೆ ಬಾಯೊಂದನ್ನು ಬಿಟ್ಟು ಉಳಿದೆಲ್ಲ ಕಡೆಯಿಂದ ಹೊರಗೆ ಬರುತ್ತದೆ.

ಆದರೆ ಇವತ್ತಿನ ಡಬ್ಬಕ್ಕೆ ಬೈಯುವಂತಿರಲಿಲ್ಲ. ಗೋವಿಂದರಾಜನಗರದ ಮನೆಯ ಹಿಂದೆ, ಶೀಟಿನ ಮಾಡಿನ ಕೆಳಗೆ ಗಾಡಿಗಳಿಗೆ ಬಣ್ಣ ಹೊಡೆಯುವ ಈ ಶೆಡ್ಡನ್ನು ಶುರು ಮಾಡಿದವನು ಅವನ ಅಣ್ಣ ಚನ್ನವೀರೇಶ. ಆರ್‌ಪಿಸಿ ಲೇಔಟಿನ ಲಕ್ಷ್ಮೀಪತಿಯವರ ಹಳೇ ಸ್ಕೂಟರಿಗೆ ಬಿಲ್ವಪತ್ರೆಯ ಹಸಿರನ್ನು ಕಲಸಿದವನೂ ಅವನೇ. ಅರ್ಧ ಗಾಡಿಗೆ ಬಳಿದು, ಶ್ರಾವಣದಲ್ಲಿ ಇದ್ದಕ್ಕಿದ್ದಂತೆ ಲಿಂಗೈಕ್ಯನಾದ. ಕಂಪ್ಯೂಟರಿನಲ್ಲಿ ಬಣ್ಣ ಕಲಸಿಕೊಡುವ ಅಂಗಡಿಯವರು ಆ ಹಸಿರಿನ ಹತ್ತಿರ ಹತ್ತಿರ ಬಂದು ಕೈ ಚೆಲ್ಲಿದರು. ಉಳಿದ ಹಸಿರೆಲ್ಲ ಈ ಡಬ್ಬದಲ್ಲಿತ್ತು. ಅತ್ತಿಗೆ ನೀಲಗಂಗಮ್ಮನ ಪ್ರಕಾರ, ಉಳಿದ ಅಣ್ಣನೂ ಇದರಲ್ಲೇ ಇದ್ದ.

ಅದಕ್ಕೆ ಕಾರಣ ಚನ್ನವೀರೇಶನ ಒಂದು ಅಭ್ಯಾಸ. ಕೆಲಸ ಮುಗಿದ ಮೇಲೆ, ದವಡೆಯಲ್ಲಿ ಸದಾ ಇರುತ್ತಿದ್ದ ಲವಂಗವನ್ನು ಪಕ್ಕಕ್ಕೆ ಸರಿಸಿ, ಡಬ್ಬದೊಳಕ್ಕೆ ಬಗ್ಗಿ, ಎದೆಯಲ್ಲಿದ್ದಷ್ಟು ಉಸಿರನ್ನೂ ಊದಿ, ತಟ್ಟನೆ ಮುಚ್ಚಳ ಬಡಿಯುತ್ತಿದ್ದ. "ಗಾಳಿ ಬೇರೆ, ಉಸಿರು ಬೇರೆ ಕಣೋ. ಗಾಳಿಗೆ ಬಣ್ಣ ಕೆನೆ ಕಟ್ಟತ್ತೆ, ಉಸಿರಿಗೆ ಕಟ್ಟಲ್ಲ," ಎನ್ನುತ್ತಿದ್ದ. ಪಂಚಾಕ್ಷರಿ ಇದನ್ನು ಅಣ್ಣನ ಬುರುಡೆಗಳ ಪಟ್ಟಿಗೆ ಸೇರಿಸಿದ್ದ. ಅಣ್ಣ ಹೋದಮೇಲೆ ನೋಡಿದರೆ, ಅವನು ಮುಚ್ಚಿದ ಡಬ್ಬಗಳಲ್ಲೆಲ್ಲ ಬಣ್ಣ ಇವತ್ತು ಅಂಗಡಿಯಿಂದ ತಂದಂತಿತ್ತು. ಪಂಚಾಕ್ಷರಿಯೂ ಊದಿ ಮುಚ್ಚಿ ನೋಡಿದ. ಅವನ ಉಸಿರಿಗೆ ಬಣ್ಣ ಮರ್ಯಾದೆ ಕೊಡಲಿಲ್ಲ. ವಾರದೊಳಗೆ ಚರ್ಮದಂಥ ಕೆನೆ ಕಟ್ಟಿತು.

ಅಣ್ಣನ ಡಬ್ಬ ತೆರೆಯುವಾಗಲೆಲ್ಲ ಅತ್ತಿಗೆ ಏನೋ ನೆಪ ಮಾಡಿಕೊಂಡು ಶೆಡ್ಡಿಗೆ ಬರುತ್ತಿದ್ದಳು. ಹತ್ತಿರ ನಿಂತು ಒಮ್ಮೆ ಮೂಗರಳಿಸಿ ಉಸಿರೆಳೆದುಕೊಂಡು, ಅಡುಗೆಮನೆಗೆ ವಾಪಸಾಗುತ್ತಿದ್ದಳು. ಅದೇನೆಂದು ಪಂಚಾಕ್ಷರಿಗೆ ಗೊತ್ತಾದದ್ದು ಈ ಡಬ್ಬವನ್ನು ಅಟ್ಟದಿಂದ ಇಳಿಸಿದಾಗ.

"ಅದೊಂದು ಬಿಟ್ಬಿಡು ಪಂಚೂ. ಅವರ ಉಸಿರು ಇನ್ನಿರೋದು ಅದರಲ್ಲೇ."

"ಲಕ್ಷ್ಮೀಪತಿಯವರು ದಿನಾ ಬಂದು ಗಾಡಿ ಪಕ್ಕ ಸ್ಟೂಲ್ ಹಾಕ್ಕೊಂಡು ಕೂತ್ಕೋತಾರೆ ಅತ್ತಿಗೆ. ಅವರಿಗೇನು ಹೇಳ್ಲಿ? ಅಣ್ಣ ಡಬ್ಬದೊಳಗಿದಾನೆ, ಎಬ್ಬಿಸಬಾರದು ಅಂತ್ಲಾ?"

ಅವಳು ನಗಲಿಲ್ಲ. ಇವತ್ತು ಬೆಳಿಗ್ಗೆ ತಾನಾಗಿಯೇ ಒಪ್ಪಿದಳು. ಲಿಂಗಪೂಜೆ ಮುಗಿಸಿ ಬರುತ್ತೇನೆ, ನಾನು ಎದುರಿಗಿದ್ದಾಗಲೇ ತೆಗೆ, ಅದಕ್ಕೆ ಮುಂಚೆ ಮಾತ್ರ ಬೇಡ ಎಂದು ಹೇಳಿ ಒಳಗೆ ಹೋದಳು. ಅವಳು ಬರುವಷ್ಟರಲ್ಲಿ ಮುಚ್ಚಳವನ್ನು ಸ್ವಲ್ಪ ಸಡಿಲ ಮಾಡಿಡೋಣವೆಂದಷ್ಟೇ ಪಂಚಾಕ್ಷರಿ ಸ್ಕ್ರೂಡ್ರೈವರ್ ಹಿಡಿದದ್ದು.

ಡಬ್ಬವನ್ನು ಮೊಣಕಾಲುಗಳ ನಡುವೆ ಸಿಕ್ಕಿಸಿಕೊಂಡು, ಮುಖ ಹತ್ತಿರ ತಂದು, ಉಸಿರು ಬಿಗಿಹಿಡಿದು ಮತ್ತೊಮ್ಮೆ ಮೀಟಿದ. ಮುಚ್ಚಳ ಟಪ್ಪೆಂದು ಹಾರಿತು. ಯಾರೋ ಬಹಳ ಹೊತ್ತು ತಡೆದಿಟ್ಟುಕೊಂಡದ್ದನ್ನು ಬಿಟ್ಟಂತೆ ಬೆಚ್ಚನೆಯದೊಂದು ಮುಖಕ್ಕೆ ಬಡಿಯಿತು. ಗಾಬರಿಯಲ್ಲಿ ಪಂಚಾಕ್ಷರಿ ಅದಷ್ಟನ್ನೂ ಒಂದೇ ಸಲಕ್ಕೆ ಒಳಗೆಳೆದುಕೊಂಡ.

ಲವಂಗ.

ಡಬ್ಬದಲ್ಲಿ ಒಂದೆಳೆ ಕೆನೆಯಿರಲಿಲ್ಲ. ಹಸಿರು ತೆಳ್ಳಗೆ ಅಲುಗುತ್ತಿತ್ತು. ಅತ್ತಿಗೆಗೆಂದು ಉಳಿದಿದ್ದದ್ದನ್ನು ತಾನು ನುಂಗಿಬಿಟ್ಟೆ, ಈಗ ಅವಳಿಗೆ ಹೇಗೆ ಮುಖ ತೋರಿಸಲಿ ಎಂದು ಅವನು ಯೋಚಿಸುತ್ತಿದ್ದ. ಬಣ್ಣ ಅಂಚಿನಿಂದ ಕೈಗೆ ಇಳಿಯುತ್ತಿತ್ತು. ಒರೆಸಿಕೊಳ್ಳಲು ಏನಾದರೂ ಬೇಕಿತ್ತು.

"ಗಂಗೀ, ಒಂದು ಹಳೇ ಬಟ್ಟೆ ತಗೊಂಡ್ಬಾರೇ."

ಹೇಳಿ ಮುಗಿದ ಮೇಲೆ ತನ್ನ ಬಾಯಿಂದ ಬಂದದ್ದು ಪಂಚಾಕ್ಷರಿಗೆ ಕೇಳಿಸಿತು. ಅತ್ತಿಗೆಯನ್ನು ಅವನು ಯಾವತ್ತೂ ಹೆಸರು ಹಿಡಿದು ಕರೆದವನಲ್ಲ, ಏಕವಚನವಂತೂ ದೂರದ ಮಾತು. ಗಂಗೀ ಎಂದು ಆ ಮನೆಯಲ್ಲಿ ಕರೆಯುತ್ತಿದ್ದವನು ಒಬ್ಬನೇ. ಒಳಗೆ ಪೂಜೆಯ ಗಂಟೆ ನಡುವೆಯೇ ನಿಂತಿತು.

"ಬಂದೇ ರೀ."

ನೀಲಗಂಗಮ್ಮ ಹಳೇ ಪಂಚೆಯ ತುಂಡು ಹಿಡಿದು ಬಂದಳು. ಡಬ್ಬದ ಕಡೆ ನೋಡಲಿಲ್ಲ, ಮೂಗರಳಿಸಲಿಲ್ಲ. ಅವನ ಕೈಯನ್ನು ತನ್ನ ಕೈಯಲ್ಲಿ ಹಿಡಿದು, ಬೆರಳುಗಳನ್ನು ಒಂದೊಂದಾಗಿ ಒರೆಸಿದಳು. ಪಂಚಾಕ್ಷರಿ ಕೈ ಬಿಡಿಸಿಕೊಂಡು, ಸದ್ಯ ಡಬ್ಬವನ್ನಾದರೂ ಮುಚ್ಚೋಣವೆಂದು ಊದಲು ಬಗ್ಗಿದ. ಅವಳು ಡಬ್ಬದ ಬಾಯಿಗೆ ಅಂಗೈ ಅಡ್ಡ ಇಟ್ಟಳು.

"ಬೇಡ ರೀ," ಎಂದಳು ಮೆಲ್ಲಗೆ. "ಮತ್ತೆ ಒಳಗ್ಹೋಗ್ಬೇಡಿ."

ಅತ್ತಿಗೆ, ನಾನು ಪಂಚು ಎನ್ನಲು ಅವನು ಬಾಯಿ ತೆರೆದ. ತನ್ನದೇ ಬಾಯಿಂದ ಬಂದ ಲವಂಗದ ವಾಸನೆ ಅವನ ಮೂಗಿಗೇ ಬಡಿಯಿತು. ಬಾಯಿ ಮುಚ್ಚಿಕೊಂಡ.