ನಾಲ್ಕು ತಣ್ಣನೆಯ ಬಾಟಲಿಗಳು

ರಂಜನಿ ಬಾಟಲಿಗಳನ್ನು ಫ್ರಿಜ್ಜಿನಲ್ಲಿಟ್ಟು ಹತ್ತು ನಿಮಿಷವೂ ಆಗಿರಲಿಲ್ಲ, ಕರೆಂಟು ಹೋಯಿತು. ಹಜಾರದ ಕೂಲರ್ ಒಮ್ಮೆ ಗೊರಗುಟ್ಟಿ ಸುಮ್ಮನಾಯಿತು. ಗಡಿಯಾರದಲ್ಲಿ ಹನ್ನೆರಡೂವರೆ. ಲೋಡ್‌ಶೆಡ್ಡಿಂಗ್ ಎಂದರೆ ಇನ್ನು ನಾಲ್ಕರವರೆಗೆ ಮಾತಿಲ್ಲ. ನಾಲ್ಕೂವರೆಗೆ ರಾಮದಾಸಪೇಟೆಯ ಹೋಟೆಲೊಂದರಲ್ಲಿ ಅವಳು ಈ ಬಿಳಿ ವೈನನ್ನು ಮ್ಯಾನೇಜರನ ಗ್ಲಾಸಿಗೆ ಸುರಿಯಬೇಕಿತ್ತು. ನಾಸಿಕದಿಂದ ರಾತ್ರಿ ಬಸ್ಸಿನಲ್ಲಿ ಬಂದು, ಬೆಳಗಿನಿಂದ ನಿಲ್ದಾಣದ ತಗಡಿನ ಕೆಳಗೆ ಬಿದ್ದಿದ್ದ ನಾಲ್ಕು ಬಾಟಲಿಗಳೂ ಚಹಾದ ಕಪ್ಪಿನಷ್ಟು ಬಿಸಿಯಾಗಿದ್ದವು.

ಕಂಪನಿಯ ಸಾಹೇಬರು ಆಗಲೇ ಮೂರು ಸಲ ಫೋನು ಮಾಡಿದ್ದರು. "ತಣ್ಣಗಿದ್ದರೆ ಅದು ವೈನ್, ಬಿಸಿಯಾದರೆ ಕಷಾಯ. ನಾಗಪುರದ ಮೇ ತಿಂಗಳಲ್ಲಿ ಹೋಗದ ಬಿಳಿ ವೈನ್ ಇನ್ನೆಲ್ಲಿ ಹೋಗುತ್ತದೆ, ಹೇಳಿ?" ಕೆಲಸಕ್ಕೆ ಸೇರಿ ಮೂರು ತಿಂಗಳಾದರೂ ರಂಜನಿ ಒಂದು ಆರ್ಡರೂ ತಂದಿರಲಿಲ್ಲ. ಇವತ್ತೂ ಆಗದಿದ್ದರೆ ನಾಗಪುರಕ್ಕೆ ಆಳು ಬೇಡ ಎಂದು ಅವರು ಬಿಡಿಸಿಯೇ ಹೇಳಿದ್ದರು.

ಅವಳಿಗೆ ಕೂತಲ್ಲಿ ಕೂರಲಾಗಲಿಲ್ಲ. ಫ್ರಿಜ್ಜಿನ ಬಾಗಿಲು ತೆಗೆದಳು, ಬಾಟಲಿ ಮುಟ್ಟಿದಳು, ಮುಚ್ಚಿದಳು. ಮತ್ತೆ ತೆಗೆದಳು. ಒಳಕೋಣೆಯಲ್ಲಿ ಅಜ್ಜಿ ಸಾವಿತ್ರಮ್ಮ ನೆಲಕ್ಕೆ ನೀರು ಚಿಮುಕಿಸಿಕೊಂಡು ಮಲಗಿದ್ದಳು. ಮನೆಯಲ್ಲಿ ರಂಜನಿ ಹೇಳಿದ್ದು ದ್ರಾಕ್ಷಿ ರಸದ ಕಂಪನಿ ಎಂದು. ವೈನ್ ಎಂದು ನಿಜ ಹೇಳಬಹುದಾದ ಮನೆಯಾಗಿರಲಿಲ್ಲ ಅದು. ಅಜ್ಜಿಯ ಹಿರಿಮಗ ಶಾಮ, ಮದ್ದುಗುಂಡು ಮಾಡುವ ಆರ್ಡ್ನೆನ್ಸ್ ಫ್ಯಾಕ್ಟರಿಯಲ್ಲಿದ್ದವನು, ಆರು ವರ್ಷದ ಹಿಂದೆ ಇಂಥದೇ ಒಂದು ಮಧ್ಯಾಹ್ನ ಕುಡಿದು ಮನೆಗೆ ಹೊರಟಿದ್ದ. ಅಂಬಾಝರಿ ಕೆರೆಯ ದಾರಿಯಲ್ಲಿ ದಣಿವಾರಿಸಿಕೊಳ್ಳಲು ಒಂದು ಬೇವಿನ ಮರದ ಬುಡಕ್ಕೆ ಒರಗಿ ಕೂತವನು ಮತ್ತೆ ಏಳಲಿಲ್ಲ. ಬಿಸಿಲು ಬಡಿದಿತ್ತು ಎಂದರು ಡಾಕ್ಟರು. ಖಾಪರಖೇಡಾದ ವಿದ್ಯುತ್ ಸ್ಥಾವರದಲ್ಲಿ ಕೆಲಸ ಮಾಡುವ ಅಪ್ಪ ಅಂದಿನಿಂದ ಅಣ್ಣನ ಹೆಸರೆತ್ತಿದವನಲ್ಲ.

ಒಂದೂವರೆಗೆ ರಂಜನಿ ಮುಖಕ್ಕೆ ದುಪಟ್ಟಾ ಸುತ್ತಿಕೊಂಡು ಸ್ಕೂಟಿ ಹತ್ತಿದಳು. ಬಜಾಜ್ ನಗರದ ಚೌಕದಲ್ಲಿದ್ದ ಎರಡು ಕಬ್ಬಿನ ಹಾಲಿನ ಅಂಗಡಿಗಳಲ್ಲೂ ಮಂಜುಗಡ್ಡೆ ಮುಗಿದಿತ್ತು. ಮೂರನೆಯ ಕಡೆ, ಗೋಣಿಚೀಲದಲ್ಲಿ ಸುತ್ತಿದ ಬರ್ಫದ ಒಂದು ತುಂಡು ಸಿಕ್ಕಿತು. ಮನೆ ಮುಟ್ಟುವಷ್ಟರಲ್ಲಿ ಅದರ ಕಾಲುಭಾಗ ರಸ್ತೆಗೆ ಸೋರಿತ್ತು.

ಒಳಗೆ ಬಂದವಳೇ ಬಾಗಿಲು ತೆಗೆದು ನೋಡಿದಳು. ಬಾಟಲಿಗಳು ಫ್ರಿಜ್ಜಿನಲ್ಲಿರಲಿಲ್ಲ. ಕಿಟಕಿಯ ಕಟ್ಟೆಯ ಮೇಲೆ, ಒದ್ದೆ ಬಟ್ಟೆ ಸುತ್ತಿಕೊಂಡು ಸಾಲಾಗಿ ನಿಂತಿದ್ದವು. ಪಕ್ಕದಲ್ಲಿ ಅಜ್ಜಿ ತಂಬಿಗೆ ಹಿಡಿದು, ಬಟ್ಟೆ ಒಣಗಿದಲ್ಲೆಲ್ಲ ನೀರು ಹನಿಸುತ್ತಿದ್ದಳು.

"ಯಾಕ ಹೊರಗ ತಗದಿ ಅಜ್ಜಿ?"

"ಕರೆಂಟ್ ಇಲ್ಲದ ಫ್ರಿಜ್ ಅಂದ್ರ ಬರೇ ಕಪಾಟ ಅದ. ಒದ್ದಿ ಅರಿವಿ ಸುತ್ತಿ ಗಾಳಿಗಿಟ್ರ ಜಲ್ದಿ ಆರ್ತಾವ." ಅಜ್ಜಿ ತಂಬಿಗೆ ಕೆಳಗಿಟ್ಟಳು. "ದ್ರಾಕ್ಷಿ ರಸ ಅಂದಿದ್ಯಲ್ಲ, ಒಂದೀಟು ಕೊಡು. ಬಾಯಿ ಒಣಗೇದ."

ರಂಜನಿಯ ಕೈಯಲ್ಲಿ ಬರ್ಫ ಕರಗಿ ನೆಲಕ್ಕೆ ಇಳಿಯುತ್ತಿತ್ತು. "ಸ್ಯಾಂಪಲ್ ಅಜ್ಜಿ, ಸೀಲ್ ಒಡಿಯಂಗಿಲ್ಲ" ಎಂದಳು. ಅಜ್ಜಿ ಲೋಟ ತಂದು ಮುಂದೆ ಹಿಡಿದಳು. ಒಂದು ಗುಟುಕು ಕೊಟ್ಟರೆ ಯಾರಿಗೂ ತಿಳಿಯುತ್ತಿರಲಿಲ್ಲ. ಹುಳಿ ರಸ ಎಂದರೆ ಮುಗಿಯುತ್ತಿತ್ತು. ರಂಜನಿ ಲೋಟ ಇಸಿದುಕೊಂಡಳು, ಬಾಟಲಿಯತ್ತ ತಿರುಗಿದಳು, ಅಲ್ಲೇ ನಿಂತಳು.

"ಅಜ್ಜಿ, ಇದು ರಸ ಅಲ್ಲ. ವೈನ್. ನಾ ಇದನ್ನ ಮಾರ್ತೀನಿ."

"ಗೊತ್ತದ" ಎಂದಳು ಅಜ್ಜಿ. "ಶಾಮನ ಹಾಸಿಗಿ ಕೆಳಗಿನ ಬಾಟ್ಲಿ ಎಷ್ಟು ವರ್ಷ ತಗದಾಕಿ ನಾನು! ಅವ ಕಡೀತನಕಾ ಔಷಧ ಅಂತಿದ್ದ. ನೀ ಏನಂತಿ ಅಂತ ನೋಡಿದೆ, ಅಷ್ಟ."

"ಗೊತ್ತಿದ್ದೂ ಒದ್ದಿ ಅರಿವಿ ಸುತ್ತಿದಿ?"

"ನಿನ್ನ ಕೆಲಸದ್ದಲ್ಲೇನು ಅದು? ಕೆಡಬಾರ್ದು." ಅಜ್ಜಿ ಅಡುಗೆಮನೆಗೆ ಹೋಗಿ ಬಕೆಟ್ಟನ್ನೂ ಉಪ್ಪಿನ ಡಬ್ಬಿಯನ್ನೂ ತಂದಳು. "ಬರ್ಫಕ್ಕ ಒಂದು ಹಿಡಿ ಉಪ್ಪು ಹಾಕು. ಕುಲ್ಫಿ ಮಾಡೋರು ಹಂಗ ಮಾಡ್ತಾರ. ನಿಮ್ಮಪ್ಪಗ ಮಾತ್ರ ನೀನ ಹೇಳಬೇಕು."

ನಾಲ್ಕೂವರೆಗೆ ಹೋಟೆಲಿನ ಮೇಜಿನ ಮೇಲಿಟ್ಟಾಗ ಬಾಟಲಿಗಳ ಮೈಯೆಲ್ಲ ಬೆವರಿತ್ತು. ವೈನು ತೆಳು ಹುಲ್ಲಿನ ಬಣ್ಣಕ್ಕಿತ್ತು, ಹಸಿ ಪೇರಲ ಕಚ್ಚಿದ ಹಾಗೆ ಪರಿಮಳ ಮೂಗಿಗೆ ಬರುತ್ತಿತ್ತು. ಬೇಸಿಗೆಯಲ್ಲಿ ಬಿಯರ್ ಬಿಟ್ಟು ಬೇರೇನೂ ಹೋಗಲ್ಲ ಎಂದು ಮಾರ್ಚಿನಿಂದಲೂ ಸಾಗಹಾಕುತ್ತಿದ್ದ ಮ್ಯಾನೇಜರ್ ಒಂದು ಗುಟುಕು ಕುಡಿದು ಕಣ್ಣು ಮುಚ್ಚಿದ. ಅಡುಗೆಯವನನ್ನು ಕರೆದ, ಕ್ಯಾಷಿಯರನ್ನೂ ಕರೆದ. "ಈ ಬಿಸಿಲಿಗೆ ಇದೇ ಬರೋಬರ್ ಮೇಡಂ, ನೀರಿನ ಹಾಗೆ ಇಳಿಯುತ್ತೆ" ಎಂದು ಮತ್ತೆ ಸುರಿಸಿಕೊಂಡ. ಮೂವರೂ ಸೇರಿ ಕುಡಿದು ಮೂರು ಬಾಟಲಿ ಅಲ್ಲೇ ಖಾಲಿಯಾದವು. ನಾಲ್ಕನೆಯದನ್ನು ಮಾಲೀಕರಿಗೆಂದು ಎತ್ತಿಟ್ಟ ಮ್ಯಾನೇಜರ್ ಹತ್ತು ಪೆಟ್ಟಿಗೆಯ ಆರ್ಡರಿಗೆ ಸಹಿ ಹಾಕಿ, ಅವಳಿಗಿಂತ ಮೊದಲೇ ಬೈಕಿನ ಕೀಲಿ ತಿರುಗಿಸುತ್ತ ಹೊರಗೆ ಹೋದ.

ರಂಜನಿ ಮನೆಗೆ ಬಂದಾಗ ಅಪ್ಪ ಬಿಂದುಮಾಧವ ಇನ್ನೂ ಬಂದಿರಲಿಲ್ಲ. ಅಜ್ಜಿ ಬಾಗಿಲಲ್ಲೇ ಕೂತಿದ್ದಳು.

"ಹತ್ತು ಪೆಟ್ಟಿಗಿ ಅಜ್ಜಿ!"

"ಚಲೋ ಆತು. ಎಷ್ಟು ಮಂದಿ ಕುಡದ್ರು?"

"ಮೂರು ಮಂದಿ."

ಅಜ್ಜಿ ಬಿಸಿಲು ಇನ್ನೂ ಇಳಿಯದ ರಸ್ತೆಯನ್ನೇ ನೋಡುತ್ತ ಕೇಳಿದಳು:

"ಮೂರೂ ಮಂದಿ ಮನಿ ಮುಟ್ಟಿದ್ರೇನು?"