ಕೂರಿಗೆಯಡಿಗೆ ಹಾಸಿದ ಗೋಣಿ

"ಮರದ ದಿಮ್ಮಿ ಆಸರೆ ಕೊಡದೆ ನಾನು ಇದರಡಿ ನುಸುಳಲ್ಲ, ಪಾಪಾಜಿ," ಎಂದಳು ಸಿಮ್ರತ್. ಟ್ರ್ಯಾಕ್ಟರ್ ಹಿಂದೆ, ಅದರ ಲಿಫ್ಟು ಎತ್ತಿ ಹಿಡಿದ ಕೂರಿಗೆ ಮೊಣಕಾಲೆತ್ತರಕ್ಕೆ ಎದ್ದು ನಿಂತಿತ್ತು. ಅದರ ಅಡಿಭಾಗಕ್ಕೆ ಗ್ರೀಸ್ ಹಾಕಲು ಗ್ರೀಸ್ ಗನ್ ಅವಳ ಕೈಯಲ್ಲಿತ್ತು.

ಮಾವ ಬಚಿತ್ತರ್ ಸಿಂಗ್ ಸಿಡುಕಿದರು. "ಹೊಲದ ಹದ ಆರ್ತಾ ಇದೆ, ಗೋಧಿ ಇವತ್ತೇ ಬೀಳ್ಬೇಕು. ಇಪ್ಪತ್ತು ವರ್ಷದಿಂದ ಈ ಲಿಫ್ಟು ಒಂದು ಬೆರಳಷ್ಟೂ ಇಳಿದಿಲ್ಲ. ನಿನ್ನ ಪ್ರಾಣ ಒಂದೇ ಅಷ್ಟು ದುಬಾರಿನಾ?"

ಸಿಮ್ರತ್ ಬೀಜದ ಖಾಲಿ ಗೋಣಿಯೊಂದನ್ನು ಕೊಡವಿ, ಕೂರಿಗೆಯ ಹಲ್ಲುಗಳ ಕೆಳಗೆ ಸುಕ್ಕಿಲ್ಲದಂತೆ ಹಾಸಿದಳು. ಗ್ರೀಸ್ ಗನ್ನನ್ನು ಮಾವನ ಕೈಗಿತ್ತಳು. "ಅಷ್ಟು ನಂಬಿಕೆ ಇದ್ರೆ ನೀವೇ ಮಲಗಿ. ಚಹಾ ಅಲ್ಲಿಗೇ ತಂದುಕೊಡ್ತೀನಿ."

ಬಚಿತ್ತರ್ ಸಿಂಗ್ ಗೋಣಿಯನ್ನು ನೋಡಿದರು. ಅದರ ಮೇಲೆ ತೂಗುತ್ತಿದ್ದ ಕಬ್ಬಿಣದ ಹಲ್ಲುಗಳನ್ನು ನೋಡಿದರು. ಆಮೇಲೆ ಗಂಟಲು ಸರಿಮಾಡಿಕೊಂಡು ಕೇಳಿದರು: "ಆ ದಿಮ್ಮಿಗಳು ಎಲ್ಲಿವೆ?"