ವಕೀಲೆಯ ಮನೆಯ ದರ್ಜಿ

ಸರ್ಕಾರಿ ವಕೀಲ ಚೀಲವನ್ನು ಮೇಜಿನ ಮೇಲೆ ಬೋರಲು ಹಾಕಿದ. ಕಾಂಡೋಮ್ ಪೊಟ್ಟಣಗಳು ಜಾರಿ, ಒಂದೆರಡು ನೆಲಕ್ಕೂ ಬಿದ್ದವು. ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು.

"ಪಾರ್ಕಿನಲ್ಲಿ ಸಿಕ್ಕ ಮಾಲು, ಸ್ವಾಮಿ. ಗಂಡಸರಿಗೆ ಗಂಡಸರೇ ಹಂಚುತ್ತಿದ್ದರು. ಇದಕ್ಕಿಂತ ಹೆಚ್ಚಿನ ಸಾಕ್ಷಿ ಬೇಕೆ?"

ಕಟಕಟೆಯಲ್ಲಿದ್ದ ಇಬ್ಬರು ಆರೋಗ್ಯ ಕಾರ್ಯಕರ್ತರು ತಲೆ ತಗ್ಗಿಸಿದರು. ಸಂಜೆ ಹೊತ್ತು ಪಾರ್ಕಿನಲ್ಲಿ ಸೇರುವ ಗಂಡಸರಿಗೆ ಎಚ್‌ಐವಿ ತಗಲದಂತೆ ತಿಳಿಹೇಳುವುದು, ಪೊಟ್ಟಣ ಕೊಡುವುದು ಅವರ ಕೆಲಸ. ಆ ಕೆಲಸಕ್ಕೇ, ಅನೈಸರ್ಗಿಕ ಅಪರಾಧಕ್ಕೆ ಕುಮ್ಮಕ್ಕು ಎಂದು ಪೊಲೀಸರು ಹಿಡಿದು ಒಳಗಿಟ್ಟಿದ್ದರು.

ಅವರ ವಕೀಲೆ ಎದ್ದು ನಿಂತಳು. ಮಂಡಿ ನೋಯುತ್ತಿತ್ತು. ಇದೇ ಕೋಣೆಯಲ್ಲಿ ಇದೇ ವಾದವನ್ನು ಎಷ್ಟು ಸಲ ಮಾಡಿದ್ದಳೋ ಅವಳಿಗೇ ನೆನಪಿಲ್ಲ. ಗೋಡೆಗೆ ಹೊಸ ಸುಣ್ಣ ಬಂದಿತ್ತು, ನ್ಯಾಯಾಧೀಶರು ಬಂದು ಹೋಗಿದ್ದರು. ವಾದ ಮಾತ್ರ ಹಾಗೇ ಇತ್ತು.

"ಕೊಡೆ ಹಂಚಿದವರನ್ನು, ಮಳೆ ಸುರಿಸಿದರು ಅಂತ ಹಿಡಿದು ತಂದಿದ್ದಾರೆ, ಸ್ವಾಮಿ," ಎಂದಳು.

ನ್ಯಾಯಾಧೀಶರ ತುಟಿಯಂಚು ಸಡಿಲವಾಯಿತು. ಅದನ್ನು ಕಂಡು ಸರ್ಕಾರಿ ವಕೀಲನಿಗೆ ಉರಿ ಹತ್ತಿತು. ಮಾನ ಮರ್ಯಾದೆಯ ಪಾಠವನ್ನು ಈ ವಕೀಲೆಯಿಂದ ಕಲಿಯಬೇಕಾಗಿಲ್ಲ, ಅವರ ಮನೆಯಲ್ಲಿ ಯಾರಿದ್ದಾರೆಂದು ಎಲ್ಲರಿಗೂ ಗೊತ್ತು ಎಂದುಬಿಟ್ಟ. ನ್ಯಾಯಾಧೀಶರು ಗದರಿದರು. ಕಾರ್ಯಕರ್ತರಿಬ್ಬರಿಗೂ ಜಾಮೀನು ಕೊಟ್ಟರು. ಆದರೆ ಆಡಿದ ಮಾತು ಗಾಳಿಯಲ್ಲಿ ಉಳಿದೇ ಉಳಿಯಿತು.

ಎಲ್ಲರಿಗೂ ಗೊತ್ತಿದ್ದುದು ಇಷ್ಟು. ಗುಮಾಸ್ತನಾಗಿದ್ದ ವಕೀಲೆಯ ಗಂಡ ಸತ್ತು ಬಹಳ ವರ್ಷವಾಗಿತ್ತು. ಕ್ಷಯ ಎಂದು ಮನೆಯವರು ಹೇಳಿದ್ದರು. ಅವನು ಹೋಗಿ ತಿಂಗಳು ಕಳೆಯುವುದರೊಳಗೆ ದರ್ಜಿಯೊಬ್ಬ ಹೊಲಿಗೆ ಯಂತ್ರದ ಸಮೇತ ಆ ಮನೆ ಸೇರಿಕೊಂಡ. ಗಂಡ ಬದುಕಿದ್ದಾಗಲೂ ಅಳತೆ ತೆಗೆಯುವ ನೆಪದಲ್ಲಿ ಅವನು ಬಂದುಹೋಗುತ್ತಲೇ ಇದ್ದ. ಒಬ್ಬ ಗುಮಾಸ್ತನಿಗೆ ಎಷ್ಟು ಅಂಗಿ ಬೇಕಪ್ಪಾ ಎಂದು ಪಕ್ಕದ ಮನೆಯವರು ಆಗಲೇ ನಕ್ಕಿದ್ದರು. ಕೊನೆಗಾಲದಲ್ಲಿ ಆಸ್ಪತ್ರೆಯ ದಾದಿಯರೇ ಹತ್ತಿರ ಬರಲು ಹೆದರಿದಾಗ, ರೋಗಿಯ ಮೈ ಒರೆಸಿ ಹಾಸಿಗೆ ಬದಲಿಸಿದವನೂ ಈ ದರ್ಜಿಯೇ. ಮಾಡಿದ ಪಾಪ ತೊಳೆದುಕೊಳ್ಳುತ್ತಿದ್ದಾನೆ ಎಂದರು ಜನ.

ಅದೇ ವರ್ಷ ಅವಳು ಆಸ್ತಿ ಖಟ್ಲೆಗಳನ್ನು ಕೈಬಿಟ್ಟಳು. ಎಚ್‌ಐವಿ ಇದೆಯೆಂದು ತಿಳಿದದ್ದೇ ಕೆಲಸ ಕಳೆದುಕೊಂಡವರು, ಒಟ್ಟಿಗಿದ್ದದ್ದಕ್ಕೆ ಬಾಡಿಗೆ ಮನೆಯಿಂದ ಹೊರಬಿದ್ದ ಗಂಡಸರು, ಪಾರ್ಕಿನಲ್ಲಿ ಪೊಲೀಸರ ಏಟು ತಿಂದವರು ಅವಳ ಬಾಗಿಲಿಗೆ ಬರತೊಡಗಿದರು. ಜೊತೆಯ ವಕೀಲರು 'ಪಾರ್ಕ್ ಲಾಯರ್' ಎಂದು ಹೆಸರಿಟ್ಟರು. ತನ್ನ ಮನೆಯ ಹುಳುಕು ಮುಚ್ಚಲು ಊರವರ ಹುಳುಕನ್ನೆಲ್ಲ ಸರಿ ಎನ್ನುತ್ತಾಳೆ ಎಂದು ಆಡಿಕೊಂಡರು.

ಆ ಸಂಜೆ ಅವಳು ಬಸ್ಸಿನಲ್ಲಿ ನಿಂತೇ ಮನೆಗೆ ಬಂದಳು. ಬಾಗಿಲಲ್ಲಿ ಯಾರದೋ ಹಳೆಯ ಚಪ್ಪಲಿ ಇತ್ತು. ಮಗ ಸತ್ತ ಮೇಲೆ ಈ ಮನೆಯ ಹೊಸಿಲು ತುಳಿಯದಿದ್ದ ಅತ್ತೆ ಒಳಗೆ ಕುರ್ಚಿಯಲ್ಲಿ ಕೂತಿದ್ದರು. ತೀರಾ ಇಳಿದುಹೋಗಿದ್ದರು. ದರ್ಜಿ ಅವರಿಗೆ ಚಹಾ ಕೊಟ್ಟು, ಅಡುಗೆಮನೆಯ ಬಾಗಿಲಿಗೆ ಒರಗಿ, ತಪ್ಪು ಮಾಡಿದವನ ಹಾಗೆ ನಿಂತಿದ್ದ.

ಅತ್ತೆ ಸುತ್ತಿ ಬಳಸಿ ಮಾತಾಡಲಿಲ್ಲ. ಜನ ಆಡಿದ್ದೆಲ್ಲ ತಮ್ಮ ಕಿವಿಗೂ ಬಿದ್ದಿತ್ತು, ಸಿಟ್ಟಿನಿಂದಲೇ ಇಷ್ಟು ವರ್ಷ ಬರಲಿಲ್ಲ ಎಂದರು.

"ಕೋಪ ಇಟ್ಕೊಳ್ಳೋಕೂ ಶಕ್ತಿ ಬೇಕು ಕಣಮ್ಮ. ನನ್ನ ಹತ್ರ ಈಗ ಅದೂ ಇಲ್ಲ," ಎಂದು ಚಹಾ ಗುಟುಕರಿಸಿದರು. ಆಮೇಲೆ ದರ್ಜಿಯ ಕಡೆ ಗಲ್ಲ ಎತ್ತಿ ತೋರಿಸಿದರು. "ನನ್ನ ಮಗ ಹೋದ. ನೀನ್ಯಾಕೆ ಜನರ ಬಾಯಿಗೆ ಬೀಳಬೇಕು? ಇವರನ್ನ ಮದುವೆ ಮಾಡ್ಕೋ. ನಾನೇ ಮುಂದೆ ನಿಂತು ಮಾಡಿಸ್ತೀನಿ."

ದರ್ಜಿಯ ಕಣ್ಣು ತುಂಬಿ ಬಂತು. ಮುಖ ಮರೆಸಿಕೊಳ್ಳಲು ಒಳಗೆ ತಿರುಗಿದ.

"ನೋಡು, ಅವರಿಗೂ ಮನಸ್ಸಿದೆ," ಎಂದರು ಅತ್ತೆ, ಮೆಲ್ಲಗೆ.

ವಕೀಲೆ ಕಪ್ಪು ಕೋಟು ತೆಗೆದು ಕುರ್ಚಿಗೆ ಹಾಕಿದಳು. ಈ ಮುದುಕಿಗೆ ನೋವಾಗಬಾರದೆಂದೇ ಇಷ್ಟು ವರ್ಷ ಅವಳೂ ದರ್ಜಿಯೂ ಬಾಯಿ ಹೊಲಿದುಕೊಂಡಿದ್ದರು. ಊರಿನ ಮಾತನ್ನು ಮೈಮೇಲೆ ಹಾಕಿಕೊಂಡಿದ್ದರು. ನ್ಯಾಯಾಲಯದಲ್ಲಿ ಕಂಡವರ ಪರವಾಗಿ ಗಂಟಲು ಹರಿಯುವಂತೆ ಮಾತಾಡಿ, ಮನೆಗೆ ಬಂದರೆ ಅವಳ ಬಾಯಲ್ಲಿ ಮಾತೇ ಇರುತ್ತಿರಲಿಲ್ಲ. ಬೈಯಲು ಬಂದಿದ್ದರೆ ಇವತ್ತೂ ತಡೆದುಕೊಳ್ಳುತ್ತಿದ್ದಳು. ಆದರೆ ಇವರು ಹರಸಲು ಬಂದಿದ್ದರು.

ಬಾಗಿಲ ಬಳಿಯಿಂದ ದರ್ಜಿ ತಲೆಯಾಡಿಸಿದ. ಬೇಡ, ಹೇಳಬೇಡಿ ಎಂಬಂತೆ.

"ಸುಮ್ಮನಿದ್ರೆ ಹೇಗಮ್ಮ?" ಅತ್ತೆಯ ದನಿಯಲ್ಲಿ ಗದರಿಕೆ ಇರಲಿಲ್ಲ. "ಒಂದೇ ಸೂರಿನಡಿ ಇದ್ದೀರಿ. ನಾಳೆ ಯಾರಾದ್ರೂ ಕೇಳಿದ್ರೆ ನಾನಾದ್ರೂ ಏನು ಹೇಳ್ಲಿ? ಇವರು ನಿನಗೆ ಏನಾಗಬೇಕು?"

ಅವಳು ಅತ್ತೆಯ ಕಾಲ ಬಳಿ ನೆಲದ ಮೇಲೆ ಕೂತಳು. ಅವರ ಕೈಯಲ್ಲಿದ್ದ ಲೋಟ ತೆಗೆದು ಪಕ್ಕಕ್ಕಿಟ್ಟಳು. ಆ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡಳು.

"ನನಗೇನೂ ಆಗಬೇಕಾಗಿಲ್ಲ, ಅತ್ತೆ. ನಾನು ಈ ಮನೆಗೆ ಬರೋ ಮುಂಚಿನಿಂದಲೂ ಇವರು ನಿಮ್ಮ ಮಗನ ಸಂಗಾತಿ."